ಎದೆಮಣಿ

ಗುಡ್ಡದ ಈಚೆಗೆ ಒಂದು ಊರಿತ್ತು. ಕಲ್ಲು ಸುಟ್ಟು ಸುಣ್ಣ ಮಾಡುವುದು ಬಿಟ್ಟರೆ ಅಲ್ಲಿಯವರಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಊರ ನಡುವೆ ದೊಡ್ಡ ಗೂಡು. ಅದರ ಬೆಂಕಿ ಆರಿದ್ದನ್ನು ಕಂಡವರಿಲ್ಲ. ಸೂರು ಬಿಳಿ, ಒಣಹಾಕಿದ ಬಟ್ಟೆ ಬಿಳಿ, ಕೂತ ಕಾಗೆಯೂ ಬಿಳಿ. ಬೇರೆ ಊರಲ್ಲಿ ಅನ್ನದಲ್ಲಿ ಹರಳು ಸಿಕ್ಕರೆ ಬೈಯುತ್ತಾರೆ. ಇಲ್ಲಿ ಅನ್ನದಲ್ಲಿ ಸುಣ್ಣ ಸಿಗದಿದ್ದರೆ ಏನೋ ಕಮ್ಮಿಯಾಯ್ತಲ್ಲ ಅನ್ನುತ್ತಿದ್ದರು.

ಆ ಊರಲ್ಲಿ ಎಲ್ಲರ ಎದೆಯ ಮೇಲೂ ಒಂದು ಮಣಿ. ಮಗು ಹುಟ್ಟಿದ ಕೂಡಲೇ ಅದರ ನಾಲಿಗೆಗೆ ಮಣಿಯನ್ನು ಮುಟ್ಟಿಸಿ, ದಾರಕ್ಕೆ ಪೋಣಿಸಿ, ಕೊರಳಿಗೆ ಕಟ್ಟುತ್ತಿದ್ದರು. ಒಮ್ಮೆ ನಾಲಿಗೆ ಮುಟ್ಟಿದ ಮಣಿ ಆ ಮೈಯನ್ನು ಮರೆಯದು. ಎಲ್ಲಿ ತೂಗುಹಾಕಿದರೂ ಆ ಮೈಯ ಸುದ್ದಿಯನ್ನೇ ಹೇಳುವುದು. ಮೈ ನೆಟ್ಟಗಿದ್ದರೆ ಪಚ್ಚೆ, ಕೆಟ್ಟರೆ ಕೆಂಪು, ಉಸಿರು ನಿಂತರೆ ಕಪ್ಪು. ಅದನ್ನು ಒಡೆಯುವ ಕಲ್ಲಿರಲಿಲ್ಲ. ದಾರವನ್ನು ಕಡಿಯುವ ಕತ್ತಿಯಿರಲಿಲ್ಲ. ಕಟ್ಟಿಕೊಂಡವರ ಬಿಸಿ ಬೆವರಿಗೆ ಮಾತ್ರ ಅದರ ಗಂಟು ಸಡಿಲವಾಗುತ್ತಿತ್ತು. ಆದರೂ ಬಿಚ್ಚಿದವರು ಯಾರೂ ಇರಲಿಲ್ಲ. ಮಣಿ ಬಿಚ್ಚುವುದೆಂದರೆ ಅವರಿಗೆ ಚರ್ಮ ಬಿಚ್ಚಿದ ಹಾಗೆ. ಬಿಚ್ಚಬಹುದು ಅಂತ ಯಾರ ತಲೆಗೂ ಹೊಳೆದಿರಲಿಲ್ಲ.

ಒಳ್ಳೆಯದಕ್ಕೇ ತಂದದ್ದು ಮಾರಾಯರೇ, ಸುಳ್ಳು ಹೇಳಬಾರದು. ಹಿಂದೆ ಗೂಡಿನ ಬಾಯಲ್ಲಿ ಜನ ನಿಂತ ನಿಂತಲ್ಲೇ ಕುಸಿದು ಬೆಂಕಿಗೆ ಬೀಳುತ್ತಿದ್ದರು. ಎದೆ ಕಟ್ಟಿದ್ದು, ತಲೆ ಸುತ್ತಿದ್ದು ಪಕ್ಕದವನಿಗೂ ಗೊತ್ತಾಗುತ್ತಿರಲಿಲ್ಲ. ಅದನ್ನು ನೋಡಲಾರದೆ ಯಾವುದೋ ಕಾಲದ ಯಜಮಾನ ಅತ್ತುಕೊಂಡು ಹೋಗಿ ಎಲ್ಲಿಂದಲೋ ಈ ಮಣಿಗಳನ್ನು ತಂದ. ಎಷ್ಟೋ ಜೀವ ಉಳಿಯಿತು. ಆದರೆ ಕೊಟ್ಟ ದೇವರು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಾನಂತೆ. ಬರುಬರುತ್ತಾ ಜನ ಒಬ್ಬರನ್ನೊಬ್ಬರು "ಹೇಗಿದ್ದೀಯಾ?" ಅಂತ ಕೇಳುವುದನ್ನು ಬಿಟ್ಟರು. ಎದುರಾದರೆ ಎದೆಯತ್ತ ಬಗ್ಗಿ ನೋಡುವುದು, "ಪಚ್ಚೆ" ಅನ್ನುವುದು, ಮುಂದೆ ಹೋಗುವುದು. ತಲೆ ನೋಯುತ್ತಿದೆ ಅಂತ ಯಾರಾದರೂ ಬಾಯಿಬಿಟ್ಟರೆ, "ಮಣಿ ಪಚ್ಚೆ ಇದೆಯಲ್ಲ, ಮತ್ತೇನು ನಿನ್ನ ರಾಗ?" ಅನ್ನುವರು. ಹೇಳಿದವರಿಗೂ ಹೌದಲ್ಲ ಅನ್ನಿಸುವುದು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅಂತಾರೆ. ಆ ಊರಿಗೆ ಬೇಕಾಗಿತ್ತು.

ದಿನಾ ಬೆಳಗ್ಗೆ ಗೂಡಿನ ಬಾಗಿಲಲ್ಲಿ ಮಣಿ ನೋಡುವವನು ಕೂರುತ್ತಿದ್ದ. ಗಂಡಸರು ಅಂಗಿ ಸರಿಸಿ ಎದೆ ತೋರಿಸಿ ಒಳಗೆ ಹೋಗಬೇಕು. ಅವನು ಮುಖ ನೋಡುತ್ತಿರಲಿಲ್ಲ. ನೋಡುತ್ತಾ ಒಂದೇ ದನಿಯಲ್ಲಿ ಹಾಡಿನ ಹಾಗೆ ಹೇಳುತ್ತಿದ್ದ: "ಪಚ್ಚೆಯಾದರೆ ಗೂಡಿಗೆ, ಕೆಂಪಾದರೆ ಗುಡ್ಡದಾಚೆಗೆ, ಕಪ್ಪಾದರೆ ಮಣ್ಣಿಗೆ." ಗುಡ್ಡದಾಚೆಗೆ ಆರೈಕೆ ಮನೆಯಿತ್ತು. ಮಣಿ ಕೆಂಪಾದವರನ್ನು ಅಲ್ಲಿ ಮಲಗಿಸುತ್ತಿದ್ದರು, ಮತ್ತೆ ಪಚ್ಚೆಯಾದರೆ ಕರೆತರುತ್ತಿದ್ದರು. ಹೋದವರು ಹೆಚ್ಚು, ಬಂದವರು ಕಡಿಮೆ. ನೀರಿನ ಗುಂಡಿಯ ಪಕ್ಕ ಕೂತು, ಸುಟ್ಟ ಕಲ್ಲಿಗೆ ನೀರು ಬಿಟ್ಟು ಸುಣ್ಣ ಅರಳಿಸುವ ಹೆಂಗಸರ ಮಣಿಯನ್ನು ಮಾತ್ರ ಯಾರೂ ನೋಡುತ್ತಿರಲಿಲ್ಲ. ಅವು ಸೆರಗಿನೊಳಗೇ ಇರುತ್ತಿದ್ದವು. ಹೆಂಗಸರು ಬೆಂಕಿಯ ಹತ್ತಿರ ಹೋಗುವುದಿಲ್ಲವಲ್ಲ, ಅವರಿಗೇನಾಗುತ್ತದೆ ಅಂತ.

ಹಾಗೆ ಸುಣ್ಣ ಅರಳಿಸುವ ಒಬ್ಬಳಿದ್ದಳು. ಗಟ್ಟಿಗಿತ್ತಿ. ಕುದಿಯುವ ಸುಣ್ಣದ ಮುಂದೆ ಬೇರೆಯವರು ಮುಖ ತಿರುಗಿಸಿದರೆ ಇವಳು ಕೋಲು ಹಿಡಿದು ತಿರುವುತ್ತಾ ನಗುತ್ತಿದ್ದಳು. ಅವಳ ಮಣಿ ಚಿಗುರು ವೀಳ್ಯದೆಲೆಯ ಹಾಗೆ ಪಚ್ಚೆ. ಅವಳ ಗಂಡ ಗೂಡಿಗೆ ಕಲ್ಲು ಹೊರುವವನು. ಬುಟ್ಟಿಯಲ್ಲಿ ಕಲ್ಲು ತುಂಬಿ ಏಣಿ ಹತ್ತಿ ಗೂಡಿನ ಬಾಯಿಗೆ ಸುರಿಯುವುದು ಅವನ ಕೆಲಸ. ಬುಟ್ಟಿ ಇಳಿಸಿ ಬಂದು ಅವಳ ಗುಂಡಿಯ ಪಕ್ಕ ಹಾದುಹೋಗುವಾಗ ಬೇಕೆಂದೇ ಅವಳ ಮೇಲೆ ನೀರು ಚಿಮುಕಿಸುತ್ತಿದ್ದ. "ಥೂ, ನಿಮ್ಮ ಕೈ ಸೇದಿಹೋಗ" ಅಂತ ಅವಳು ಬೈಯುತ್ತಿದ್ದಳು. ಅಷ್ಟು ಬೈಸಿಕೊಳ್ಳದೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

ಒಂದು ದಿನ ಅವನು ನೀರು ಚಿಮುಕಿಸಲಿಲ್ಲ. ಮಾರನೆಯ ದಿನವೂ ಇಲ್ಲ. ಅವಳು ತಲೆಯೆತ್ತಿ ನೋಡಿದಳು. ಅವನು ಏಣಿಯ ಬುಡದಲ್ಲಿ ಕೈಯೂರಿ ನಿಂತು ಉಸಿರನ್ನು ಹುಡುಕುವವನ ಹಾಗೆ ಬಾಯಿ ತೆರೆದಿದ್ದ. ಮಧ್ಯಾಹ್ನ ಸರದಿ ಮುಗಿಸಿ ಮನೆಗೆ ಬಂದು, ಉಂಡು, ಚಾಪೆಯ ಮೇಲೆ ಅಡ್ಡಾದ. ಮಲಗಿದವನ ಅಂಗಿ ಸರಿದಿತ್ತು. ಮಣಿಯ ಒಂದು ಮಗ್ಗುಲಲ್ಲಿ ಕುಂಕುಮದ ಕಾಳಿನಷ್ಟು ಕೆಂಪು ಕಂಡಿತು.

ನಾಳೆಯೋ ನಾಡಿದ್ದೋ ಅದು ಪೂರ್ತಿ ಕೆಂಪಾಗುತ್ತದೆ. ಮಣಿ ನೋಡುವವನು ಬೆರಳು ತೋರಿಸುತ್ತಾನೆ. ಗುಡ್ಡದಾಚೆಗೆ ಹೊರಟ ಬಂಡಿಯಲ್ಲಿ ಇವನನ್ನೂ ಕೂರಿಸುತ್ತಾರೆ. ಇವನ ಅಣ್ಣ ಹಾಗೇ ಹೋದದ್ದು, ಕೈ ಬೀಸುತ್ತಾ. ಆರೈಕೆ ಮನೆಯ ಅಂಗಳದಿಂದ ಬಂದದ್ದು ಅವನ ಬಟ್ಟೆಯ ಗಂಟು ಮಾತ್ರ. ಅವಳು ಗಂಡನ ಪಕ್ಕ ಕೂತು ಬೀಸಣಿಗೆ ಬೀಸುವುದನ್ನು ನಿಲ್ಲಿಸಿದಳು. ಬಿಸಿಲು ಸೂರನ್ನು ಸುಡುತ್ತಿತ್ತು. ನಿದ್ದೆಯಲ್ಲಿ ಅವನು ನೀರಾಗಿ ಬೆವೆತ. ನೋಡನೋಡುತ್ತಿದ್ದಂತೆ ಅವನ ಕೊರಳ ಗಂಟು ಸಡಿಲವಾಯಿತು. ಅವಳ ಕೊರಳೂ ಬೆವರಿತ್ತು. ಯಾರ ತಲೆಗೂ ಹೊಳೆಯದೇ ಇದ್ದದ್ದು ಅವಳ ಬೆರಳಿಗೆ ಹೊಳೆಯಿತು. ತನ್ನದನ್ನು ಬಿಚ್ಚಿ ಅವನ ಕೊರಳಿಗೆ ಕಟ್ಟಿದಳು, ಅವನದನ್ನು ತನ್ನ ಕೊರಳಿಗೆ. ಸೆರಗು ಹೊದ್ದು, ದೇವರಿಗೆ ಒಂದು ಕೈಯಲ್ಲಿ ಮುಗಿದು, ಮತ್ತೆ ಬೀಸಣಿಗೆ ಹಿಡಿದಳು.

ಅವನು ಎದ್ದು ಎದೆ ನೋಡಿಕೊಂಡ. ಚಿಗುರಿನಂಥ ಪಚ್ಚೆ.

"ನೋಡೇ, ಒಂದು ನಿದ್ದೆ ಮಾಡಿದ್ದೇ ಮಾಡಿದ್ದು, ಮೈ ಹೆಂಗಾಯ್ತು! ಸುಮ್ನೆ ಹೆದರಿದ್ದೆ," ಅಂದ. ಅಂದವನು ಕೆಮ್ಮಿದ. ಬಾಗಿಲ ಚಿಲಕ ಅಲ್ಲಾಡುವ ಹಾಗೆ ಕೆಮ್ಮಿದ. ಆದರೆ ಕೆಮ್ಮಿದ್ದು ಅವನಿಗೇ ಕೇಳಿಸಲಿಲ್ಲ. ಮಣಿ ನೋಡಿಕೊಂಡು ಸಂತೋಷದಲ್ಲಿದ್ದ. ಅವಳೂ ನಕ್ಕಳು. ಗೆದ್ದೆ ಅಂದುಕೊಂಡಳು, ಪಾಪ.

ಅವಳ ಎಣಿಕೆ ಇಷ್ಟೇ: ಗೂಡಿನ ಬಾಗಿಲು ದಾಟಿದರೆ ಸಾಕು, ಮನೆಯಲ್ಲಿ ಹಾಲು ತುಪ್ಪ ಹಾಕಿ, ಕಷಾಯ ಕುಡಿಸಿ, ತಾನೇ ಅವನನ್ನು ನೆಟ್ಟಗೆ ಮಾಡಿಕೊಳ್ಳುತ್ತೇನೆ. ಅವನ ಮಣಿ ಪಚ್ಚೆಗೆ ತಿರುಗಿದ ದಿನ ಮತ್ತೊಂದು ಮಧ್ಯಾಹ್ನದ ನಿದ್ದೆಯಲ್ಲಿ ಅದಲುಬದಲು ಮಾಡಿದರಾಯಿತು. ಆದರೆ ಹಾಸಿಗೆ ಹಿಡಿಯಬೇಕಾದವನು ಪಚ್ಚೆ ಕಂಡರೆ ಮಲಗುತ್ತಾನೆಯೇ? ಅವನು ಮೊದಲಿಗಿಂತ ಹುರುಪಾಗಿ ಏಣಿ ಹತ್ತಿದ. ಕಾಲು ನಡುಗಿದರೆ ಎದೆ ನೋಡಿಕೊಂಡ. ಕಣ್ಣು ಕತ್ತಲಿಟ್ಟರೆ ಎದೆ ನೋಡಿಕೊಂಡ. ಕಷಾಯ ಕೊಟ್ಟರೆ, "ಇದೆಲ್ಲ ರೋಗದವರಿಗೆ ಕೊಡೇ" ಅಂತ ಚೆಲ್ಲಿದ. ಇತ್ತ ಸೆರಗಿನೊಳಗೆ ಅವನ ಮಣಿ ಮೊದಲು ದಾಸವಾಳವಾಯಿತು, ಆಮೇಲೆ ಕೆಂಡವಾಯಿತು, ಆಮೇಲೆ ಹೆಪ್ಪುಗಟ್ಟಿದ ರಕ್ತದ ಬಣ್ಣಕ್ಕೆ ಬಂತು. ಅವಳು ಸುಣ್ಣ ತಿರುವುತ್ತಾ ಘಳಿಗೆಗೊಮ್ಮೆ ಸೆರಗೆತ್ತಿ ನೋಡುವಳು, ಮುಚ್ಚುವಳು. ಅವಳ ನಗು ಎಲ್ಲಿ ಹೋಯಿತೋ.

ಇನ್ನು ತಡೆಯಲಾರೆ ಅನ್ನಿಸಿದ ದಿನ, ಅವನು ಉಣ್ಣಲು ಕೂತಾಗ, ಎದುರಿಗೆ ಕುಕ್ಕರಿಸಿ ಹೇಳಿಬಿಟ್ಟಳು.

"ನಿಮ್ಮ ಎದೆ ಮೇಲಿರೋದು ನಿಮ್ಮ ಮಣಿ ಅಲ್ಲ. ನಂದು. ನಿದ್ದೇಲಿ ನಾನೇ ಬದಲಾಯಿಸಿದೆ."

ಅವನು ಅನ್ನ ಕಲಸುತ್ತಿದ್ದವನು ನಕ್ಕ. "ನಿಂದು ನನ್ನ ಹತ್ರ ಇದ್ರೆ ನಂದೆಲ್ಲಿದೆಯೇ?"

ಅವಳು ಸೆರಗು ಸರಿಸಿದಳು. ಅವನು ನೋಡಿದ. ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಅರ್ಥವಾಯಿತು ಅಂತ ಅವಳಿಗೆ ಜೀವ ಬಂದ ಹಾಗಾಯಿತು.

"ಅಯ್ಯೋ ನನ್ನ ಕರ್ಮವೇ," ಅಂದ ಅವನು, ಎಂಜಲು ಕೈಯಲ್ಲೇ ಅವಳ ಹಣೆ ಮುಟ್ಟಿ. "ಇಷ್ಟು ದಿನ ಒಬ್ಬಳೇ ನುಂಗಿಕೊಂಡಿದ್ದೀಯಲ್ಲೇ! ನನಗೊಂದು ಮಾತು ಹೇಳಬಾರದಿತ್ತಾ?"

"ನನಗೇನೂ ಆಗಿಲ್ಲ! ಅದು ನಿಮ್ಮದು! ನಿಮ್ಮ ಎದೆ ಮುಟ್ಟಿ ನೋಡ್ಕೊಳ್ಳಿ, ಹೊಡ್ಕೊಳ್ಳೋ ರೀತಿ ನೋಡಿ! ಕೆಮ್ಮು ಕೇಳಿಸ್ತಿಲ್ವಾ ನಿಮಗೆ?"

"ಆಯ್ತು ಆಯ್ತು, ಮಾತಾಡಬೇಡ. ಜ್ವರ ನೆತ್ತಿಗೇರಿದೆ, ಬಾಯಿಗೆ ಬಂದದ್ದು ಮಾತಾಡ್ತಿದ್ದೀಯ." ಅವಳನ್ನು ಎತ್ತಿ ಚಾಪೆಯ ಮೇಲೆ ಮಲಗಿಸಿದ. ಎತ್ತುವಾಗ ಅವನ ಮೊಣಕಾಲು ಮಡಚಿತು, ಅವಳಿಗೆ ಗೊತ್ತಾಯಿತು, ಅವನಿಗೆ ಗೊತ್ತಾಗಲಿಲ್ಲ. "ಯಾರಿಗೂ ಬಾಯಿ ಬಿಡಬೇಡ. ಗುಡ್ಡದಾಚೆಗೆ ನಿನ್ನನ್ನ ಕಳಿಸಲ್ಲ ನಾನು. ನಿನ್ನ ಪಾಲಿನ ಕೆಲಸಾನೂ ನಾನೇ ಮಾಡ್ತೀನಿ, ಎರಡು ಸರದಿ ಹೋಗ್ತೀನಿ. ನನಗೇನು ಧಾಡಿ? ಪಚ್ಚೆ ಇದ್ದೀನಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎತ್ತೇ ಹೋಗಿ ಎಮ್ಮೆಯ ನೊಗವನ್ನೂ ಹೊತ್ತುಕೊಂಡಿತು. ಅವಳು ಅತ್ತಳು, ಕಾಲು ಹಿಡಿದಳು, ಬಾಗಿಲಿಗೆ ಅಡ್ಡ ನಿಂತಳು. ಮಧ್ಯಾಹ್ನದ ನಿದ್ದೆ ಮಾಡಿದರೆ ಮಣಿಯಾದರೂ ಮರಳಿ ಬದಲಾಯಿಸುತ್ತಿದ್ದಳು. ಎರಡು ಸರದಿಯವನಿಗೆ ನಿದ್ದೆ ಎಲ್ಲಿಯದು? ಅವನು ಅವಳ ತಲೆ ಸವರಿ, ಹೊರಗಿನಿಂದ ಬಾಗಿಲು ಎಳೆದುಕೊಂಡು ಹೋದ. ಪ್ರೀತಿಯಿಂದಲೇ ಹೋದ. ಅದೇ ಸಂಕಟ.

ಅವಳು ಚಾಪೆಯ ಮೇಲೆ ಕೂತು ಮಣಿಯನ್ನು ಅಂಗೈಯಲ್ಲಿ ಹಿಡಿದಿದ್ದಳು. ಎರಡನೆಯ ಸರದಿಯ ಹೊತ್ತಿಗೆ ಅದು ಕಪ್ಪಾಯಿತು. ಸದ್ದಿಲ್ಲ, ನಡುಕವಿಲ್ಲ, ದೀಪದ ಬತ್ತಿಯನ್ನು ಎಣ್ಣೆಗೆ ಎಳೆದ ಹಾಗೆ. ಅವಳು ಎದ್ದಳು, ಸೆರಗು ಬಿದ್ದದ್ದೂ ತಿಳಿಯದೆ ಗೂಡಿನ ತನಕ ಓಡಿದಳು.

ಅವನು ಏಣಿಯ ಬುಡದಲ್ಲಿ ಬುಟ್ಟಿಗೆ ಒರಗಿ ಕೂತಿದ್ದ. ಕಣ್ಣು ಮುಚ್ಚಿತ್ತು. ಎದೆಯ ಮೇಲೆ ಅವಳ ಮಣಿ ಚೆಂದವಾಗಿ ಹೊಳೆಯುತ್ತಿತ್ತು. ಮಣಿ ನೋಡುವವನು ಎದುರಿಗೆ ನಿಂತು, "ಪಚ್ಚೆ ಇಟ್ಟುಕೊಂಡು ಮೈಗಳ್ಳತನ ಮಾಡ್ತಾನಲ್ಲ, ಒಳ್ಳೆ ಕೆಲಸಗಾರ ಅಂದುಕೊಂಡಿದ್ದೆ," ಅಂತ ನಾಲ್ಕು ಜನರಿಗೆ ಹೇಳುತ್ತಿದ್ದ.

"ಅವರು ಹೋಗಿಬಿಟ್ರು! ಮೈ ಮುಟ್ಟಿ ನೋಡಿ, ತಣ್ಣಗಾಗಿದೆ! ಬಿಡಿ, ಮಣ್ಣು ಮಾಡಬೇಕು," ಅಂತ ಅವಳು ಗಂಡನನ್ನು ತಬ್ಬಿಕೊಂಡಳು. ಮಣಿ ನೋಡುವವನು ಮುಟ್ಟಲಿಲ್ಲ. ಮುಟ್ಟಿ ನೋಡುವುದನ್ನು ಅವನು ಕಲಿತಿರಲಿಲ್ಲ.

"ಪಚ್ಚೆ ಇದೆಯಲ್ಲಮ್ಮ."

"ಅದು ನಂದು ಅಣ್ಣಾ! ಬಿಚ್ಚಿ ಬದಲಾಯಿಸಿದ್ದೆ! ಇಗೋ ನೋಡಿ, ಅವರ ಮಣಿ ಇಲ್ಲಿದೆ, ಕಪ್ಪಾಗಿದೆ, ನೋಡಿ!" ಅಂತ ತನ್ನ ಕೊರಳಿನದನ್ನು ಎತ್ತಿ ತೋರಿಸಿದಳು.

ನಿಂತಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಮಣಿ ನೋಡುವವನು ಬಗ್ಗಿ ಅವಳ ಎದೆ ನೋಡಿದ. ಅವನೇನೂ ಕೆಟ್ಟವನಲ್ಲ. ಕಣ್ಣಲ್ಲಿ ನೀರು ತಂದುಕೊಂಡು, ತಲೆಗೆ ಸುತ್ತಿದ ವಸ್ತ್ರ ತೆಗೆದು, ಮೆಲ್ಲಗೆ ಹೇಳಿದ: "ಮಣಿ ಯಾರಾದರೂ ಬಿಚ್ತಾರಾ ತಾಯೀ? ನೀನು ಸತ್ತಿದ್ದೀಯ. ಸುಮ್ಮನೆ ಹೋಗಿ ಮಲಕ್ಕೋ. ಆಗಬೇಕಾದ್ದನ್ನ ನಾವು ಮಾಡ್ತೀವಿ."

ಮಾಡಿದರು. ಊರು ಸೇರಿ ಗುಂಡಿ ತೋಡಿದರು. ಅವಳು ಮಲಗಲು ಒಪ್ಪದಿದ್ದಾಗ, ಕೆಲವು ಹೆಣ ಹೀಗೇ ಹಟ ಮಾಡುತ್ತವೆ ಅಂತ ಅವಳ ಎರಡು ಸೀರೆಗಳನ್ನು ಹೂಳಿ, ಮೂರು ಹಿಡಿ ಮಣ್ಣು ಹಾಕಿ, ಕೈ ತೊಳೆದುಕೊಂಡರು. ನೀರಿನ ಗುಂಡಿಯ ಪಕ್ಕದಲ್ಲಿ ಜೊತೆಗೆ ಕೂರುತ್ತಿದ್ದ ಗೆಳತಿ ನೆಲಕ್ಕೆ ಬಿದ್ದು ಹೊರಳಾಡಿ ಅತ್ತಳು. ಇವಳು ಅವಳ ಭುಜ ಹಿಡಿದು, "ಇಲ್ಲೇ ಇದ್ದೀನಲ್ಲೇ, ನನ್ನ ಮುಖ ನೋಡೇ," ಅಂದಳು. ಗೆಳತಿ ಭುಜ ಕೊಡವಿಕೊಂಡು ಇನ್ನೂ ಜೋರಾಗಿ ಅತ್ತಳು. ಸತ್ತವರ ಮಾತಿಗೆ ಓಗೊಡುವವರು ಯಾವ ಊರಲ್ಲಿದ್ದಾರೆ?

ಅಂದಿನಿಂದ ಅವಳಿಗೆ ಉಳಿದದ್ದು ಒಂದೇ ಆಸೆ. ಗಂಡನನ್ನು ಆ ಏಣಿಯ ಬುಡದಿಂದ ಎಬ್ಬಿಸಬೇಕು, ಮಣ್ಣಿಗೆ ಸೇರಿಸಬೇಕು. ಅವನನ್ನು ದಿನಾ ಬೆಳಗ್ಗೆ ಬೈಯುತ್ತಿದ್ದರು. ಬುಟ್ಟಿಯನ್ನು ತೊಡೆಯ ಮೇಲಿಟ್ಟು ಹೋಗುತ್ತಿದ್ದರು, ಸಂಜೆ ಬಂದು ಮತ್ತೆ ಬೈಯುತ್ತಿದ್ದರು. ಹಾದುಹೋಗುವ ಹುಡುಗಾಟದವರು ಅವನ ಮುಖಕ್ಕೆ ನೀರು ಎರಚುತ್ತಿದ್ದರು. ಸುಣ್ಣದ ಹುಡಿ ಪದರಪದರವಾಗಿ ಕೂತು ಅವನನ್ನು ಕೊಳೆಯಲೂ ಬಿಡಲಿಲ್ಲ. ಅವಳು ಅವನ ಕೊರಳ ಗಂಟಿಗೆ ಉಗುರು ಹಾಕಿದಳು, ಹಲ್ಲು ಹಾಕಿದಳು. ತನ್ನ ಬೆವರು ಸವರಿದಳು, ಕಣ್ಣೀರು ಸವರಿದಳು. ದಾರಕ್ಕೆ ಅವನ ಬೆವರೇ ಬೇಕು. ಹೆಣ ಬೆವರುತ್ತದೆಯೇ? ಹೊತ್ತುಕೊಂಡು ಹೋಗೋಣವೆಂದರೆ, "ಪಚ್ಚೆಯವನನ್ನು ಗೂಡಿನಿಂದ ಒಯ್ಯುವ ಹಾಗಿಲ್ಲ" ಅಂತ ಕಸಿದುಕೊಂಡು ಮತ್ತೆ ಅಲ್ಲೇ ಕೂರಿಸುತ್ತಿದ್ದರು.

ಅವನ ಎದೆಯ ಮೇಲೆ ಹೊಳೆಯುತ್ತಿದ್ದ ಆ ಹಾಳು ಪಚ್ಚೆಯನ್ನು ನೋಡುತ್ತಾ ಕೂತಿದ್ದವಳಿಗೆ ಒಂದು ಬೆಳಗ್ಗೆ ತಿಳಿಯಿತು. ಅದು ತನ್ನ ಮೈ. ತಾನು ನೆಟ್ಟಗಿರುವ ತನಕ ಅವನು ಏಳುವುದಿಲ್ಲ.

ಅವಳು ಗಂಡನ ತೊಡೆಯ ಮೇಲಿನ ಬುಟ್ಟಿ ತೆಗೆದುಕೊಂಡಳು. ಕಲ್ಲು ತುಂಬಿದಳು. ಏಣಿ ಹತ್ತಿದಳು. ಸತ್ತವಳನ್ನು ತಡೆಯುವವರಿಲ್ಲ. ಗೂಡಿನ ಬಾಯಲ್ಲಿ ಹುಬ್ಬು ಸುಟ್ಟವು, ಹೊಗೆ ಗಂಟಲಿಗಿಳಿಯಿತು. ಸುರಿದಳು, ಇಳಿದಳು, ತುಂಬಿದಳು, ಹತ್ತಿದಳು. ಅನ್ನ ಬಿಟ್ಟಳು. ಹುಡಿಗೆ ಮುಖವೊಡ್ಡಿ ಬೇಕೆಂದೇ ಉಸಿರೆಳೆದಳು. ಗೂಡಿನಲ್ಲಿ ಕಲ್ಲು ಏರಿದ್ದನ್ನು ಕಂಡು ಮಣಿ ನೋಡುವವನು ಕೂತಿದ್ದವನ ಬೆನ್ನು ತಟ್ಟಿ, "ಭಲೇ! ಬೈದದ್ದಕ್ಕೆ ಬುದ್ಧಿ ಬಂತು ನೋಡು," ಅಂದ. ಅವಳು ಕೇಳಿಸಿಕೊಂಡಳು. ನಗು ಬಂತೋ ಅಳು ಬಂತೋ, ಎರಡಕ್ಕೂ ಉಸಿರು ಸಾಲದೆ ಮತ್ತೆ ಬುಟ್ಟಿ ಎತ್ತಿದಳು.

ಗಂಡನ ಎದೆಯ ಮೇಲಿನ ಪಚ್ಚೆ ಮಂಕಾಯಿತು. ಹಣ್ಣೆಲೆಯ ಬಣ್ಣಕ್ಕೆ ಬಂತು. ಒಂದು ಬೆಳಗ್ಗೆ ಕೆಂಪಾಯಿತು. ಮಣಿ ನೋಡುವವನು ಬಗ್ಗಿ ನೋಡಿ ಲೊಚಗುಟ್ಟಿದ. "ಅತಿ ದುಡಿದುಬಿಟ್ಟ ಪಾಪ. ಗುಡ್ಡದಾಚೆಗೆ ಕಳಿಸಿ." ನಾಲ್ವರು ಅವನನ್ನು ಜೋಪಾನವಾಗಿ ಎತ್ತಿ ಬಂಡಿಯಲ್ಲಿ ಮಲಗಿಸಿದರು. ತಲೆಗೆ ದಿಂಬು ಕೊಟ್ಟರು. ಅವಳು ಬಂಡಿಯ ಹಿಂದೆ ಬರಿಗಾಲಲ್ಲಿ ನಡೆದಳು.

ಆರೈಕೆ ಮನೆ ಅವಳು ಹೆದರಿದ ಹಾಗೆ ಇರಲಿಲ್ಲ. ಸಾಲಾಗಿ ಮಂಚ, ಬೇವಿನ ಮರ, ತಣ್ಣನೆ ಗಾಳಿ. ಆರೈಕೆಯವಳು ಮಂಚದಿಂದ ಮಂಚಕ್ಕೆ ಹೋಗಿ ಮಣಿ ನೋಡುವಳು, ಗಂಜಿ ಇಡುವಳು. ಗಂಜಿ ಕುಡಿದರೋ ಇಲ್ಲವೋ ನೋಡುತ್ತಿರಲಿಲ್ಲ. ಗಂಡನ ಪಾಲಿನ ಗಂಜಿ ಮಂಚದ ಪಕ್ಕ ಆರುತ್ತಿತ್ತು. ಎಷ್ಟೋ ದಿನದ ಹಸಿವು, ಅವಳು ತಡೆಯದೆ ಕುಡಿದಳು. ಬೇವಿನ ನೆರಳಲ್ಲಿ ಗಂಡನ ತಣ್ಣನೆ ಕೈ ಹಿಡಿದು ಕಣ್ಣು ಮುಚ್ಚಿದಳು. ಅಲ್ಲಿ ಹುಡಿಯಿರಲಿಲ್ಲ. ಉಸಿರು ಎದೆಯ ತಳದವರೆಗೆ ಹೋಗಿ ಬಂತು. ಮೈ ಎಂಥ ಹಟಮಾರಿ ನೋಡಿ, ಬೇಡವೆಂದರೂ ಬದುಕುತ್ತದೆ.

"ಹುಷಾರಾಗ್ತಿದ್ದಾನೆ!" ಅನ್ನುವ ದನಿಗೆ ಎಚ್ಚರವಾಯಿತು. ಆರೈಕೆಯವಳು ಗಂಡನ ಎದೆಯ ಮೇಲೆ ಬಗ್ಗಿ, ಮುಖ ಅರಳಿಸಿಕೊಂಡು ನಿಂತಿದ್ದಳು. ಕೆಂಪಿನ ಅಂಚಿನಲ್ಲಿ ಪಚ್ಚೆ ಒಡೆದಿತ್ತು. "ಇನ್ನು ನಾಲ್ಕು ದಿನ ಗಂಜಿ ಕುಡಿದರೆ ಎದ್ದು ಏಣಿ ಹತ್ತುತ್ತಾನೆ. ಬಂಡಿಯವರಿಗೆ ಹೇಳಿಕಳಿಸ್ತೀನಿ."

ಅವಳು ಗಂಡನ ಮುಖ ನೋಡಿದಳು. ಸುಣ್ಣ ಒರೆಸಿ ಹಣೆ ಸವರಿದಳು. "ನೀವು ಮಲಗಿ. ನಿಮ್ಮನ್ನ ಅಲ್ಲಿಗೆ ಕಳಿಸಲ್ಲ ನಾನು," ಅಂದಳು. ಬಟ್ಟಲಲ್ಲಿ ಉಳಿದ ಗಂಜಿಯನ್ನು ಬೇವಿನ ಬುಡಕ್ಕೆ ಚೆಲ್ಲಿ, ಗುಡ್ಡ ಹತ್ತಿ, ಬಂದ ದಾರಿಯಲ್ಲೇ ಹಿಂದಿರುಗಿದಳು.

ಗೂಡಿನ ಬಾಯಲ್ಲಿ ಅವಳು ಈ ಸಲ ಬುಟ್ಟಿ ಇಳಿಸಿ ದಣಿವಾರಿಸಿಕೊಳ್ಳಲೇ ಇಲ್ಲ. ಹತ್ತಿದಳು, ಸುರಿದಳು, ಇಳಿದಳು. ಕಾಲು ಸುಟ್ಟವು, ಹತ್ತಿದಳು. ಕಣ್ಣು ಕಾಣದಾಯಿತು, ಏಣಿಯ ಮೆಟ್ಟಿಲನ್ನು ಕೈಯಲ್ಲಿ ತಡವಿಕೊಂಡು ಹತ್ತಿದಳು. ಕೊನೆಗೆ ತುಂಬಿದ ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಳ್ಳುವಾಗ ಮಂಡಿಯೂರಿದಳು, ಹಾಗೇ ಪಕ್ಕಕ್ಕೆ ವಾಲಿದಳು.

ಗುಡ್ಡದಾಚೆಗೆ ಆರೈಕೆಯವಳು ಅವನೆದೆಯ ಮಣಿ ಕಪ್ಪಾದದ್ದನ್ನು ನೋಡಿ ಕೈ ಮುಗಿದು, "ಈಗ ಹೋದ, ಪಾಪ, ನಿದ್ದೆಯಲ್ಲೇ," ಅಂದಳು. ಸುದ್ದಿ ಬಂತು. ಒಳ್ಳೆ ಕೆಲಸಗಾರ ಅಂತ ಊರಿಗೆ ಊರೇ ಹೊರಟಿತು. ಅವನನ್ನು ಊರಿಗೆ ಹೊತ್ತು ತಂದು, ಬಿಸಿನೀರು ಎರೆದು, ಹೊಸ ಬಟ್ಟೆ ಹೊದಿಸಿ, ಹೆಂಡತಿಯ ಸೀರೆ ಹೂಳಿದ ಜಾಗದ ಪಕ್ಕದಲ್ಲೇ ಮಣ್ಣು ಮಾಡಿದರು. ಮಣಿ ನೋಡುವವನು ಎಲ್ಲರಿಗಿಂತ ಮೊದಲು ಮೂರು ಹಿಡಿ ಹಾಕಿದ.

ಗೂಡಿನ ದಾರಿಯಲ್ಲಿ ಅವಳು ಬಿದ್ದಿದ್ದಳು. ಮಣ್ಣಿಗೆ ಹೋಗುವಾಗಲೂ ಬರುವಾಗಲೂ ಜನ ಅವಳನ್ನು ದಾಟಿಕೊಂಡೇ ನಡೆದರು. ಯಾವತ್ತೋ ಸತ್ತವಳಿಗೆ ಎರಡನೆಯ ಸಲ ಮಣ್ಣು ಹಾಕುವ ಪದ್ಧತಿ ಆ ಊರಲ್ಲಿರಲಿಲ್ಲ. ಸಂಜೆಯ ಸರದಿಗೆ ಬಂದವನೊಬ್ಬ ಅವಳ ಕೈಯಿಂದ ಬುಟ್ಟಿಯನ್ನು ಬಿಡಿಸಿಕೊಂಡ. ಕಲ್ಲು ತುಂಬಿಯೇ ಇತ್ತು. ತಲೆಗೇರಿಸಿಕೊಂಡು, ಎದೆಯತ್ತ ಒಮ್ಮೆ ನೋಡಿಕೊಂಡು, ಏಣಿ ಹತ್ತಿದ.